ಬೆವರದ ಮಡಕೆ

ನಮ್ಮ ಆಯಿಯ ಶಾಸ್ತ್ರದಲ್ಲಿ ಫ್ರಿಜ್ಜಿನ ನೀರು ಉಷ್ಣ, ಐಸ್‌ಕ್ರೀಮು ಅದಕ್ಕಿಂತ ಉಷ್ಣ, ಹಬೆಯಾಡುವ ಕೊತ್ತಂಬರಿ-ಜೀರಿಗೆ ಕಷಾಯ ಮಾತ್ರ ತಂಪು. ಇದನ್ನು ಪ್ರಶ್ನಿಸಿದವರಿಗೂ ಉಷ್ಣವೇ ಆಗಿರುತ್ತದೆ, ಅದಕ್ಕೇ ತಲೆ ಕೆಟ್ಟಿರುತ್ತದೆ.

2024ರ ಬೇಸಿಗೆಯಲ್ಲಿ ಆಯಿ ಶಿರಸಿಯಿಂದ ಬೆಂಗಳೂರಿಗೆ ಬಂದಳು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನ ಹಾರ್ನು ಕೇಳಿದರೆ ಮದುವೆ ದಿಬ್ಬಣ ಬಂದಷ್ಟು ಸಂಭ್ರಮ ಪಡುತ್ತಿದ್ದ ದಿನಗಳವು. ಅಡುಗೆಮನೆಯನ್ನು ಒಂದು ಸುತ್ತು ನೋಡಿ, "ಮಳೆ ಇಲ್ಲೆ, ನೀರಿಲ್ಲೆ, ಕಡೆಗೆ ಒಂದು ಮಡಕೆನೂ ಇಲ್ಲೆ" ಎಂದಳು. ಮೊದಲೆರಡು ನನ್ನ ಕೈಲಿರಲಿಲ್ಲ. ಮೂರನೆಯದಕ್ಕಾಗಿ ಪಾಟರಿ ಟೌನಿಗೆ ಹೋಗಿ, ನಲ್ಲಿ ಇರುವ ದೊಡ್ಡ ಮಡಕೆಯೊಂದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಂದೆ.

ಒಂದು ರಾತ್ರಿ ನೀರಲ್ಲಿ ನೆನೆಸಿ, ಮಾರನೇ ದಿನ ತುಂಬಿಸಿಟ್ಟೆವು. ನೀರು ಅಮೃತ! ಅಲ್ಲಿಗೆ ನಿಲ್ಲಿಸಬೇಕಿತ್ತು. ಹೆಂಡತಿ, "ಚೆನ್ನಾಗಿದೆ, ಸ್ವಲ್ಪ ಬೋಳು ಬೋಳು ಕಾಣುತ್ತೆ" ಎಂದುಬಿಟ್ಟಳು.

ನನ್ನೊಳಗೊಬ್ಬ ಕಲಾವಿದ ಇದ್ದಾನೆ. ಏಳನೇ ತರಗತಿಯಿಂದ ಅವನಿಗೆ ಕೆಲಸವಿರಲಿಲ್ಲ. ನಮ್ಮ ಮಲೆನಾಡಿನ ಹಸೆ ಚಿತ್ತಾರವನ್ನೇ ಮಡಕೆಯ ಮೇಲೆ ಬರೆಯೋಣವೆಂದು ಅವನು ಎದ್ದು ಕೂತ. ಹಾರ್ಡ್‌ವೇರ್ ಅಂಗಡಿಯಿಂದ ಎನಾಮಲ್ ಪೇಂಟ್ ತಂದು, ಮೈತುಂಬ ಎರಡು ಕೋಟ್ ಕೆಂಪು ಬಳಿದು, ಅದರ ಮೇಲೆ ಬಿಳಿಯಲ್ಲಿ ಚೌಕಟ್ಟು, ಏಣಿ, ತೇರು, ಒಂದು ಜೋಡಿ ಗಂಡು-ಹೆಣ್ಣು. ಗಂಡಿನ ಕಾಲು ಸ್ವಲ್ಪ ಉದ್ದವಾಯಿತು, ಇರಲಿ. ಬಣ್ಣ ಒಣಗಿದ ಮೇಲೆ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಮೂವತ್ತೆರಡು ಚಪ್ಪಾಳೆ, ಎರಡು ಹೃದಯ, ಚಿಕ್ಕಪ್ಪನಿಂದ ಒಂದು 'ಶುಭೋದಯ'.

ಮತ್ತೆ ನೀರು ತುಂಬಿಸಿಟ್ಟರೆ, ಮಧ್ಯಾಹ್ನದ ಹೊತ್ತಿಗೆ ಸ್ನಾನಕ್ಕೆ ಹದವಾಗಿತ್ತು.

ಆಯಿ ಮಡಕೆಯ ಹೊಟ್ಟೆ ಸವರಿ, ಕೈ ನೋಡಿಕೊಂಡಳು. "ತಮಾ, ಇದು ಬೆವರ್ತೇ ಇಲ್ಲೆ. ಬೆವರದೇ ತಂಪು ಹೆಂಗೆ ಆಗ್ತು?"

ನಾನು ಬಿ.ಎಸ್ಸಿ. ಭೌತಶಾಸ್ತ್ರ ನನ್ನ ಮುಖ್ಯ ವಿಷಯ. ಮಡಕೆಯ ಸಣ್ಣ ರಂಧ್ರಗಳಲ್ಲಿ ಜಿನುಗುವ ನೀರು ಹೊರಮೈಯಲ್ಲಿ ಆವಿಯಾಗಬೇಕು, ಆಗ ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ, ಒಳಗುಳಿದ ನೀರು ತಣ್ಣಗಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ. ಆ ರಂಧ್ರಗಳನ್ನೆಲ್ಲ ನಾನೇ ಕೈಯಾರೆ, ಎರಡೆರಡು ಕೋಟ್ ಹಾಕಿ ಮುಚ್ಚಿದ್ದೆ.

"ಹಸೆ ಬರೆಯದು ಅಕ್ಕಿಹಿಟ್ಟಲ್ಲಿ, ಕೆಮ್ಮಣ್ಣಿನ ಮೇಲೆ. ಗೇಟಿಗೆ ಬಳಿಯೋ ಬಣ್ಣದಲ್ಲಲ್ಲ" ಎಂದಳು ಆಯಿ. ಮಣ್ಣಿನ ಮಡಕೆ ಕೆಮ್ಮಣ್ಣಿನ ಬಣ್ಣದಲ್ಲೇ ಇತ್ತು ಎಂಬುದು ಆಗ ಹೊಳೆಯಿತು. ಅದರ ಮೇಲೆ ಕೆಂಪು ಬಳಿಯಲು ನಾನು ದುಡ್ಡು ಕೊಟ್ಟಿದ್ದೆ.

ಭಾನುವಾರವಿಡೀ ಬಾಲ್ಕನಿಯಲ್ಲಿ ಕೂತು ಮರಳುಕಾಗದದಿಂದ ಉಜ್ಜಿದೆ. ಸಂಜೆಯವರೆಗೆ ಏಣಿ ಹೋಯಿತು, ತೇರಿನ ಒಂದು ಚಕ್ರ ಹೋಯಿತು. ಮಡಕೆ ಬೆವರಬೇಕಾದಷ್ಟನ್ನೂ ನಾನೇ ಬೆವರಿದೆ. ಸೋಮವಾರ ನನ್ನ ಮುಖ ನೋಡಲಾಗದೆ ಆಯಿ ಊರಿಂದ ತಂದಿದ್ದ ಅಪ್ಪೆಮಿಡಿ ಎಂಬ ಪರಿಮಳದ ಮಾವಿನಮಿಡಿಗಳನ್ನು ಬೇಯಿಸಿ, ಕಿವುಚಿ, ನೀರು-ಉಪ್ಪು ಬೆರೆಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಕೊಟ್ಟಳು. ಅಪ್ಪೆಹುಳಿ! ಅನ್ನಕ್ಕೆ ಕಲಸಿಕೊಳ್ಳಲಿಕ್ಕೆಂದು ಇಟ್ಟದ್ದನ್ನು ನಾನು ಲೋಟಕ್ಕೆ ಬಗ್ಗಿಸಿ ಕುಡಿದೆ. ಮತ್ತೊಂದು ಲೋಟ. ಇನ್ನರ್ಧ.

ಅಪ್ಪೆಮಿಡಿಗೆ, ಇದು ಇಂಥ ಸೀಮೆಯದೇ ಎಂದು ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದೆ. ಅದು ಬರಿಸುವ ನಿದ್ದೆಗೂ ಪ್ರತ್ಯೇಕವಾಗಿ ಒಂದು ಕೊಡಬೇಕಿತ್ತು. ಶಿರಸಿ, ಸಿದ್ದಾಪುರದ ಕಡೆ ಇದನ್ನು ಉಂಡವರು ಜಗುಲಿಯಲ್ಲಿ ಒರಗಲು ಜಾಗ ನೋಡಿಕೊಂಡೇ ಕೈ ತೊಳೆಯುತ್ತಾರೆ. ನನಗಿದ್ದದ್ದು ಎರಡು ಗಂಟೆಗೆ ಆಫೀಸಿನ ಆನ್‌ಲೈನ್ ಮೀಟಿಂಗು.

ಮೊದಲನೇ ಸ್ಲೈಡು ನೆನಪಿದೆ. ನೀಲಿ ಬಣ್ಣದ್ದು.

ಹೆಂಡತಿ ಭುಜ ಅಲುಗಾಡಿಸಿದಾಗ ಕಣ್ಣುಬಿಟ್ಟೆ. ಕ್ಯಾಮೆರಾ ಆಫ್ ಇತ್ತು, ಪುಣ್ಯ. ಮೈಕು ಮಾತ್ರ ಆನ್. ಮ್ಯಾನೇಜರು ಹೇಳುತ್ತಿದ್ದರು: "ಯಾರದ್ದೋ ಮನೆ ಹತ್ರ ಬೋರ್‌ವೆಲ್ ಕೊರೀತಿದ್ದಾರೆ, ದಯವಿಟ್ಟು ಮ್ಯೂಟ್ ಮಾಡ್ಕೊಳ್ಳಿ."

ಮ್ಯೂಟ್ ಒತ್ತಿದೆ. ಕೊರೆಯುವ ಸದ್ದು ಥಟ್ಟನೆ ನಿಂತಿತು. ಕ್ಷಣದಲ್ಲೇ ಪಕ್ಕದ ಟೀಮಿನವನ ಮೆಸೇಜು ಬಂತು: "ಎಷ್ಟು ಅಡಿಗೆ ನೀರು ಸಿಕ್ತು ಸಾರ್?"