ಫಣಿರಾಯರಿಗೆ ಟಿಕೆಟ್ ತಗೊಳ್ಳಿ

ಗಮಕಕ್ಕೆ ಇಬ್ಬರು ಬೇಕು. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಅದರ ಅರ್ಥ ಹೇಳುತ್ತಾರೆ. ನಮ್ಮ ಮನೆಯಲ್ಲಿ ಓದುವವರು ನಮ್ಮತ್ತೆ. ವ್ಯಾಖ್ಯಾನ ನನ್ನ ಪಾಲಿಗೆ ಬಂದಿದೆ. ಬೇರೆಯವರ ಗಮಕ ದೇವಸ್ಥಾನದಲ್ಲೋ ಸಭೆಯಲ್ಲೋ ನಡೆಯುತ್ತದೆ. ನಮ್ಮದು ಬಸ್ಸು, ಆಟೋ, ಲಿಫ್ಟು, ಔಷಧಿ ಅಂಗಡಿ ಹೀಗೆ ಎಲ್ಲೆಂದರಲ್ಲಿ. ನನ್ನ ವ್ಯಾಖ್ಯಾನ ಯಾವಾಗಲೂ ‘ದಯವಿಟ್ಟು ತಪ್ಪು ತಿಳ್ಕೋಬೇಡಿ’ ಅಂತಲೇ ಶುರುವಾಗುತ್ತದೆ.

ಅತ್ತೆಯ ತವರು ಹಾಸನದ ಕಡೆಯ ಹಳ್ಳಿ. ಅವರ ತಂದೆ ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಗದುಗಿನ ಭಾರತ ಓದುತ್ತಿದ್ದರಂತೆ. ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡೇ ಅತ್ತೆಗೆ ಅರ್ಧ ಭಾರತ ಬಾಯಿಗೆ ಬಂತು. ಆಮೇಲೆ ಶಾಲೆಯಲ್ಲಿ ರನ್ನ, ರಾಘವಾಂಕ, ರೇಡಿಯೋದಲ್ಲಿ ಕುವೆಂಪು, ಬೇಂದ್ರೆ. ಈಗ ಏನೇ ನಡೆಯಲಿ, ಅದಕ್ಕೆ ಒಪ್ಪುವ ಸಾಲೊಂದು ಅವರ ನಾಲಿಗೆ ತುದಿಯಲ್ಲಿ ಸಿದ್ಧವಾಗಿರುತ್ತದೆ. ಸಾಲು ಸರಿಯಾಗಿಯೇ ಇರುತ್ತದೆ. ಕೇಳುವವರೇ ಸರಿ ಇರುವುದಿಲ್ಲ. ಇದು ಅತ್ತೆಯ ಅಭಿಪ್ರಾಯ.

ಒಂದು ಸೋಮವಾರ ಬೆಳಗ್ಗೆ ಬಸ್ಸು ಹತ್ತಿದೆವು. ಹತ್ತಿದೆವು ಅನ್ನುವುದಕ್ಕಿಂತ ಹಿಂದಿನವರು ನಮ್ಮನ್ನು ಹತ್ತಿಸಿದರು ಅನ್ನಬೇಕು. ಕಂಡಕ್ಟರ್ ಮಾತ್ರ ‘ಒಳಗೆ ಹೋಗಿ, ಒಳಗೆ ಖಾಲಿ ಇದೆ’ ಅಂತ ಕೂಗುತ್ತಲೇ ಇದ್ದರು. ಅತ್ತೆ ಕಂಬ ಹಿಡಿದುಕೊಂಡು ಗಟ್ಟಿಯಾಗಿ ಹೇಳಿಬಿಟ್ಟರು: ‘ತಿಣಿಕಿದನು ಫಣಿರಾಯ!’

ಕಂಡಕ್ಟರ್ ತಿರುಗಿದರು. ‘ಯಾರಮ್ಮ ಫಣಿರಾಯ? ನಿಮ್ಮ ಜೊತೆ ಬಂದವರಾ? ನಿಮ್ಮಿಬ್ಬರಿಗೆ ಫ್ರೀ. ಅವರಿಗೆ ಟಿಕೆಟ್ ತಗೊಳ್ಳಿ.’

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಆಮೇಲೆ ಕಂಡಕ್ಟರುಗಳ ಕಣ್ಣು ಗಂಡಸರ ಮೇಲೇ ಜಾಸ್ತಿ. ನಾನು ವ್ಯಾಖ್ಯಾನಕ್ಕೆ ಇಳಿದೆ. ‘ತಪ್ಪು ತಿಳ್ಕೋಬೇಡಿ. ಇದು ಕುಮಾರವ್ಯಾಸನ ಸಾಲು. ರಾಮಾಯಣ ಬರೆದ ಕವಿಗಳು ಎಷ್ಟು ಜನ ಆಗಿಬಿಟ್ಟರು ಅಂದ್ರೆ, ಭೂಮಿ ಹೊತ್ತ ಆದಿಶೇಷ ಅವರ ಭಾರಕ್ಕೆ ತಿಣುಕಿದನಂತೆ. ರಾಮನ ಕಥೆಯಲ್ಲಿ ಕಾಲಿಡಲು ತೆರಪಿಲ್ಲವಂತೆ. ಅದಕ್ಕೇ ಭಾರತ ಬರೀತೀನಿ ಅಂತ ಹೇಳ್ತಾನೆ. ಫಣಿರಾಯ ಅಂದ್ರೆ ಹಾವು.’

‘ಹಾವಾ? ಎಲ್ಲಿ?’ ಅಂತ ಹಿಂದಿನಿಂದ ಯಾರೋ ಕಿರುಚಿದರು. ಆಮೇಲೆ ನಮಗೆ ಕಾಲಿಡಲು ಬೇಕಾದಷ್ಟು ತೆರಪು ಸಿಕ್ಕಿತು. ಸೀಟೂ ಸಿಕ್ಕಿತು.

ಬಸ್ಸಿನ ಸಹವಾಸ ಬೇಡ ಅಂತ ಆಟೋಗೆ ನಿಂತರೆ ಅಲ್ಲಿ ಡಿವಿಜಿ. ಒಬ್ಬ ಬರಲ್ಲ ಅಂದ, ಇನ್ನೊಬ್ಬ ನಿಲ್ಲಿಸಲೇ ಇಲ್ಲ. ನಿಲ್ಲಿಸಿದವನೂ ‘ಆ ಕಡೆ ಬರಲ್ಲಮ್ಮ’ ಅಂದಾಗ ಅತ್ತೆಯ ತಾಳ್ಮೆ ಮುಗಿಯಿತು. ‘ಬದುಕು ಜಟಕಾಬಂಡಿ, ವಿಧಿ ಅದರ ಸಾಹೇಬ’ ಅಂತ ಶುರು ಮಾಡಿ, ‘ಮದುವೆಗೋ ಮಸಣಕೋ ಹೋಗೆಂದ ಕಡೆಗೋಡು’ ಅನ್ನುವವರೆಗೆ ಒಂದೇ ಉಸಿರಿನಲ್ಲಿ ಹೇಳಿದರು. ಕಗ್ಗದಲ್ಲಿ ಆ ಮಾತು ಕುದುರೆಗೆ ಹೇಳಿದ್ದು, ಅಂದರೆ ನಮಗೆ. ಡಿವಿಜಿ ಕಗ್ಗ ಪ್ರಕಟಿಸಿದ್ದು 1943ರಲ್ಲಿ. ಹೋಗೆಂದ ಕಡೆಗೆ ಓಡದ ಬಂಡಿಯೂ ಮುಂದೆ ಬರುತ್ತದೆ ಅಂತ ಅವರಿಗೆ ತೋಚದೇ ಇದ್ದಿರಬಹುದು.

ಡ್ರೈವರ್ ಪೂರ್ತಿ ಕೇಳಿಸಿಕೊಂಡು, ಬೇಕಾದ ಪದವೊಂದನ್ನು ಹಿಡಿದುಕೊಂಡ. ‘ಮಸಣಾನಾ? ಹರಿಶ್ಚಂದ್ರ ಘಾಟ್ ಆದ್ರೆ ಮೀಟರ್ ಮೇಲೆ 50 ಕೊಡಿ. ಅಲ್ಲಿಂದ ವಾಪಸ್ ಬಾಡಿಗೆ ಸಿಗಲ್ಲ.’

ನಾನು ‘ತಪ್ಪು ತಿಳ್ಕೋಬೇಡಿ’ ಅನ್ನುವಷ್ಟರಲ್ಲಿ ಅತ್ತೆ ಆಟೋದಲ್ಲಿ ಕೂತಾಗಿತ್ತು. ಅವರ ಮುಖ ಅರಳಿತ್ತು. ‘ಏನಪ್ಪಾ, ಹರಿಶ್ಚಂದ್ರ ಗೊತ್ತಾ ನಿನಗೆ?’ ಪಾಪ, ಅವನಿಗೆ ಘಾಟ್ ಗೊತ್ತಿತ್ತು ಅಷ್ಟೇ. ಜಯನಗರ ಬರುವವರೆಗೆ ರಾಘವಾಂಕನ ಕಾವ್ಯ ನಡೆಯಿತು. ಪ್ರತಿ ಸಿಗ್ನಲ್ಲಿನಲ್ಲೂ ಹರಿಶ್ಚಂದ್ರ ಒಂದೊಂದು ಕಳೆದುಕೊಂಡ. ರಾಜ್ಯ ಹೋಯಿತು, ಹೆಂಡತಿ ಮಗ ಹೋದರು, ಕೊನೆಗೆ ಸ್ಮಶಾನ ಕಾಯುವ ಕೆಲಸಕ್ಕೆ ಬಂದು ನಿಂತ. ಇಳಿದಾಗ ಡ್ರೈವರ್ ಮೀಟರಿನಲ್ಲಿ ಇದ್ದಷ್ಟೇ ತಗೊಂಡು ಚಿಲ್ಲರೆ ಎಣಿಸಿ ಕೊಟ್ಟ. ಗಾಂಧೀಜಿ ಹುಡುಗರಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಎಲ್ಲರೂ ಯಾಕೆ ಹೀಗೆ ಸತ್ಯವಂತರಾಗಬಾರದು ಅಂತ ಯೋಚಿಸಿದ್ದರಂತೆ. ಅತ್ತೆ ಈಗ ತಮ್ಮ ಲೆಕ್ಕಕ್ಕೆ ಇನ್ನೊಬ್ಬರನ್ನು ಸೇರಿಸಿಕೊಂಡಿದ್ದಾರೆ.

ಅದೇ ರಾಘವಾಂಕನಿಂದ ಮೇಲಿನ ಮನೆಯ ಹುಡುಗನೂ ನಮಗೆ ಗಂಟುಬಿದ್ದ. ಅವನು ನಡುರಾತ್ರಿ ಡಂಬೆಲ್ಸ್ ಎತ್ತುತ್ತಿದ್ದ. ಎತ್ತುವುದಕ್ಕೆ ನಮ್ಮ ತಕರಾರಿರಲಿಲ್ಲ. ಕೆಳಗೆ ಹಾಕುತ್ತಿದ್ದನಲ್ಲ, ಅದು ನಮ್ಮ ತಲೆ ಮೇಲೆ. ಕೊನೆಗೊಂದು ದಿನ ಮನೆ ಖಾಲಿ ಮಾಡಿದ. ಅತ್ತೆ ಗೇಟಿನ ಹತ್ತಿರ ನಿಂತು, ಅವನ ಡಂಬೆಲ್ಸ್ ಟೆಂಪೋ ಹತ್ತುವುದನ್ನೇ ನೋಡುತ್ತಾ ರಾಗವಾಗಿ ಹೇಳಿದರು: ‘ಪುರದ ಪುಣ್ಯಂ ಪುರುಷರೂಪಿಂದೆ ಪೋಗುತಿದೆ!’

ಹರಿಶ್ಚಂದ್ರ ಅಯೋಧ್ಯೆ ಬಿಟ್ಟು ಹೊರಟಾಗ ಊರಿಗೆ ಊರೇ ಮರುಗುವ ಪದ್ಯ ಅದು. ಅತ್ತೆ ವ್ಯಂಗ್ಯಕ್ಕೆ ಹೇಳಿದ್ದು. ಹುಡುಗನಿಗೆ ಪುಣ್ಯ, ಪುರುಷ ಎರಡು ಪದ ಅರ್ಥವಾಯಿತು. ಬಂದು ಕಾಲಿಗೆ ಬಿದ್ದ. ‘ಅಜ್ಜಿ, ಈ ಬಿಲ್ಡಿಂಗಲ್ಲಿ ನನ್ನನ್ನ ಇಷ್ಟಪಟ್ಟವರು ನೀವೊಬ್ಬರೇ’ ಅಂದ. ಅಲ್ಲಿ ನಾನು ವ್ಯಾಖ್ಯಾನಕ್ಕೆ ಹೋಗಲಿಲ್ಲ. ಈಗ ಹಬ್ಬ ಬಂದರೆ ಸಾಕು, ಪುರದ ಪುಣ್ಯ ಒಬ್ಬಟ್ಟಿಗೆ ಹಾಜರಾಗುತ್ತದೆ.

ಇವೆಲ್ಲ ಚಿಲ್ಲರೆ ಅನಾಹುತ. ಸಗಟಾಗಿ ನಡೆದದ್ದು ನಮ್ಮ ಯಜಮಾನರ ದೊಡ್ಡಪ್ಪನ ಮಗನ ಗೃಹಪ್ರವೇಶದಲ್ಲಿ. ಸತ್ಯನಾರಾಯಣ ಪೂಜೆ ಮುಗಿದಿತ್ತು. ಅಡುಗೆಯವರು ‘ಪಲ್ಯಕ್ಕೆ ಇನ್ನೊಂದು ಹತ್ತು ನಿಮಿಷ’ ಅಂದಿದ್ದರು. ಹಸಿದವರು ಜಗಳ ತೆಗೆಯಬಾರದು ಅಂತ ಯಾರೋ ‘ಚಿಕ್ಕಮ್ಮ, ಒಂದು ಹಾಡು ಹೇಳಿ’ ಅಂದರು. ಅತ್ತೆ ಬೇಡ ಬೇಡ ಅನ್ನುತ್ತಲೇ ಗಂಟಲು ಸರಿಮಾಡಿಕೊಂಡು ಕುವೆಂಪು ಅವರನ್ನು ಎತ್ತಿಕೊಂಡರು. ‘ಓ ನನ್ನ ಚೇತನ, ಆಗು ನೀ ಅನಿಕೇತನ.’

ಅನಿಕೇತನ ಅಂದರೆ ಮನೆಯಿಲ್ಲದವನು. ನನಗೆ ಅಲ್ಲೇ ಬೆವರಿತು. ಆದರೆ ಯಾರೂ ಗಮನಿಸಲಿಲ್ಲ. ಒಳ್ಳೆ ರಾಗ, ತಲೆದೂಗುತ್ತಿದ್ದರು. ‘ನೂರು ಮತದ ಹೊಟ್ಟ ತೂರಿ’ ಬಂದಾಗ ದಕ್ಷಿಣೆ ಎಣಿಸುತ್ತಿದ್ದ ಪುರೋಹಿತರು ಒಮ್ಮೆ ತಲೆಯೆತ್ತಿ ಮತ್ತೆ ಎಣಿಕೆಗೆ ಹೋದರು. ನಾನು ಕೆಮ್ಮಿದೆ. ಅತ್ತೆ ನನ್ನ ಕಡೆ ನೀರಿನ ಲೋಟ ಸರಿಸಿ ಹಾಡು ಮುಂದುವರಿಸಿದರು. ‘ಎಲ್ಲಿಯೂ ನಿಲ್ಲದಿರು, ಮನೆಯನೆಂದೂ ಕಟ್ಟದಿರು.’

ಈ ಸಾಲಿನಲ್ಲಿ ವ್ಯಾಖ್ಯಾನಕ್ಕೆ ಜಾಗವೇ ಇಲ್ಲ. ಮೂರನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಅದರ ಮೇಲೆ ಅತ್ತೆಗೆ ಭಾವ ಉಕ್ಕಿ, ಕಣ್ಣು ಮುಚ್ಚಿ, ಅದನ್ನೇ ಎರಡನೇ ಸಲ ಇನ್ನೂ ಎತ್ತರದ ಸ್ವರದಲ್ಲಿ ಹಾಡಿದರು. ಮನೆಯೊಡತಿ ತೋರಣದ ಕಡೆ ನೋಡಿದಳು. ಅವಳ ತಾಯಿ ನಮ್ಮನ್ನು ನೋಡಿದರು. ಮನೆಯ ಯಜಮಾನನ ಕೈ ಸುಮ್ನೆ ಜೇಬಿಗೆ ಹೋಯಿತು. 20 ವರ್ಷದ ಸಾಲ, ಮೊದಲ ಕಂತು ಆ ತಿಂಗಳೇ. ಹಾಡು ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದ, ‘ಚಿಕ್ಕಮ್ಮ, ಇದನ್ನ ನಾನು ಬ್ಯಾಂಕಿಗೆ ಹೋಗೋಕೆ ಮುಂಚೆ ಹೇಳಬಾರದಿತ್ತಾ?’

ನಾನು ಎದ್ದು ನಿಂತೆ. ‘ತಪ್ಪು ತಿಳ್ಕೋಬೇಡಿ. ಅದು ಆತ್ಮಕ್ಕೆ ಹೇಳಿದ್ದು, ಸೈಟಿಗಲ್ಲ. ಬರೆದ ಕುವೆಂಪು ಅವರಿಗೇ ಮೈಸೂರಿನಲ್ಲಿ ಉದಯರವಿ ಅಂತ ಚೆಂದದ ಮನೆ ಇತ್ತು.’ ಎಲ್ಲರಿಗೂ ಜೀವ ಬಂತು. ಪಲ್ಯವೂ ಬಂತು.

ಮದುವೆ ಮನೆಗಳಲ್ಲಿ ಅಷ್ಟು ಅಪಾಯವಿಲ್ಲ. ‘ನೀವು ಹುಡುಗನಿಗೆ ಏನಾಗಬೇಕು?’ ಅಂತ ಯಾರಾದರೂ ಕೇಳಿದರೆ ಅತ್ತೆ ‘ವೇದಪುರುಷನ ಸುತನ ಸುತನ ಸಹೋದರನ ಮೊಮ್ಮಗನ ಮಗನ’ ಅಂತ ಶುರು ಮಾಡುತ್ತಾರೆ. ಇಷ್ಟೆಲ್ಲ ಸಂಬಂಧ ಸುತ್ತಿಸಿ ಕುಮಾರವ್ಯಾಸ ಕೊನೆಗೆ ತಲುಪುವುದು ಕೃಷ್ಣನನ್ನು. ಕೇಳಿದವರು ನಡುವೆಯೇ ‘ಓ, ಗೊತ್ತಾಯ್ತು, ತಿಪಟೂರಿನ ಕಡೆಯವರು’ ಅಂತ ಹೋಗಿಬಿಡುತ್ತಾರೆ.

ಒಂದು ರಿಸೆಪ್ಷನ್ನಿನಲ್ಲಿ ಮಾತ್ರ ಅತ್ತೆಗೇ ಸಿಟ್ಟು ಬಂತು. ಗಂಡು ಹೆಣ್ಣು ಒಬ್ಬರನ್ನೊಬ್ಬರು ನೋಡುವ ವಿಡಿಯೋಗೆ ಹಿನ್ನೆಲೆಯಲ್ಲಿ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಕಿದ್ದರು. ಬೇಂದ್ರೆಯವರು ಮಗು ತೀರಿಕೊಂಡಾಗ ಬರೆದ ಪದ್ಯ ಅದು. ಅತ್ತೆ ಐಸ್‌ಕ್ರೀಮ್ ಕಪ್ ಕೆಳಗಿಟ್ಟು, ‘ಹೋಗಿ ನಿಲ್ಲಿಸಿ ಅಂತ ಹೇಳು’ ಅಂದರು. ಯಾವ ಪದ್ಯ, ಯಾವ ಹೊತ್ತು ಅಂತ ನೋಡದೆ ಸಾಲು ಕಿತ್ತುಕೊಂಡು ಬರಬಾರದು ಅಂತ ದಾರಿಯುದ್ದಕ್ಕೂ ಬೈದರು. ಮಾತು ನಿಜವೇ. ಗೃಹಪ್ರವೇಶದ ದಿನ ಈ ಕಾನೂನು ಎಲ್ಲಿ ಹೋಗಿತ್ತು ಅಂತ ನಾನು ಕೇಳಲಿಲ್ಲ. ಒಂದೇ ಮನೆಯಲ್ಲಿ ಇರಬೇಕಲ್ಲ.

ಇಂಥ ಅತ್ತೆಗೂ ಒಬ್ಬರು ಸಿಕ್ಕರು. ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸು, ಬಾಗಲಕೋಟೆ ಕಡೆಯವರು. ಅತ್ತೆ ಬಾಲ್ಕನಿಯಿಂದಲೇ ‘ಮೆಂತ್ಯ ಎಷ್ಟು? ಬಾಡಿದೆಯಲ್ಲ!’ ಅಂದರು. ನಮಸ್ಕಾರವಿಲ್ಲ, ಚೆನ್ನಾಗಿದ್ದೀಯಾ ಇಲ್ಲ. ಆಕೆ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದರು.

‘ಅಮ್ಮಾರ, ಏನಿ ಬಂದಿರಿ, ಹದುಳವಿದ್ದಿರೆ ಎಂದಡೆ ನಿಮ್ಮೈಸಿರಿ ಹಾರಿಹೋಹುದೆ?’

ಅತ್ತೆ ಬಾಯಿ ತೆರೆದರು. ಸಾಲು ಬರಲಿಲ್ಲ. ಕುಮಾರವ್ಯಾಸ ಬರಲಿಲ್ಲ, ಡಿವಿಜಿಯೂ ಬರಲಿಲ್ಲ. ಆಕೆ ಬಿಡಲಿಲ್ಲ. ‘ಕುಳ್ಳಿರೆಂದಡೆ ನೆಲ ಕುಳಿಹೋಹುದೆ? ನಮ್ಮ ಬಸವಣ್ಣ ಕೇಳ್ಯಾನ್ರೀ. ನಾ ಕೇಳಿಲ್ಲ.’

ಅತ್ತೆ ಚಪ್ಪಲಿ ಹಾಕಿಕೊಳ್ಳದೇ ಕೆಳಗಿಳಿದರು. ‘ಬಾಮ್ಮ, ಒಳಗೆ ಬಾ, ಕೂತ್ಕೋ’ ಅಂತ ಕರೆತಂದು ಸೋಫಾದ ಮೇಲೆ ಕೂರಿಸಿದರು. ನಾನು ಕಾಫಿ ತಂದೆ. ಆಕೆ ಸಾವಕಾಶವಾಗಿ ವಚನದ ಕೊನೆಯನ್ನೂ ಹೇಳಿದರು. ಬಂದವರಿಗೆ ಒಂದು ಒಳ್ಳೆ ಮಾತನ್ನೂ ಆಡದವರನ್ನು ಕೂಡಲಸಂಗಮದೇವ ಕೆಡವಿ ಮೂಗು ಕೊಯ್ಯುತ್ತಾನಂತೆ. ಅತ್ತೆ ಒಮ್ಮೆ ಮೂಗು ಮುಟ್ಟಿ ನೋಡಿಕೊಂಡರು. ಅವತ್ತು ಚೌಕಾಸಿಯೇ ಇಲ್ಲ. ಬಾಡಿದ ಮೆಂತ್ಯವನ್ನು ಕಟ್ಟಿಗೆ 40 ರೂಪಾಯಿಯಂತೆ ಬುಟ್ಟಿಯಲ್ಲಿದ್ದಷ್ಟೂ ತಗೊಂಡರು. ಮೂರು ದಿನ ನಮ್ಮ ಮನೆಯಲ್ಲಿ ಮೆಂತ್ಯದ ಪಲಾವ್, ಮೆಂತ್ಯದ ಚಪಾತಿ, ಮೆಂತ್ಯದ ಸಾರು. ಯಜಮಾನರು ತಟ್ಟೆ ನೋಡಿ ಬಾಯಿ ತೆರೆದರೆ, ‘ಮೂಗು ಇದೆಯಲ್ಲ, ಸುಮ್ನೆ ಊಟ ಮಾಡು’ ಅನ್ನುತ್ತಾರೆ ಅತ್ತೆ.