ವಿದೇಶದಾಗ ಕೂತು ಲೈವ್ ಫೈಟ್ ನೋಡೋರು ಊರು ಬಿಡೋಕಿಂತ ಮೊದಲು ಮಾಡಬೇಕಾದ್ದು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ದುಬೈ, ಜರ್ಮನಿ, ಅಮೆರಿಕ ಅಂತ ಹೋದ ಹುಡುಗರಿಂದ ಯುಎಫ್‌ಸಿ (ಪಂಜರದೊಳಗೆ ಮಿಶ್ರ ಸಮರಕಲೆಯ ಫೈಟ್ ನಡೆಸುವ ಅಮೆರಿಕದ ಸಂಸ್ಥೆ) ಫೈಟ್ ಇದ್ದ ದಿನ ಬರುವ ಮೆಸೇಜು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಇಲ್ಲಿ ಆ್ಯಪ್ ತಗದ್ರ 'ನಿಮ್ಮ ದೇಶದಾಗ ಸಿಗಂಗಿಲ್ಲ' ಅಂತ ಬರಾಕತ್ತೈತಿ. ಮೇನ್ ಕಾರ್ಡ್ ಚಾಲೂ ಆಗೇತಿ. ಯಾವ ವಿಪಿಎನ್ ಹಾಕ್ಲಿ?"

ಮೇನ್ ಕಾರ್ಡ್ ಅಂದರೆ ಆ ದಿನದ ದೊಡ್ಡ ಫೈಟ್‌ಗಳ ಸರಣಿ. ಅದು ಶುರುವಾದ ಹೊತ್ತಿಗೆ ಯಾರೂ ಏನೂ ಮಾಡುವಂತಿಲ್ಲ. ಫೈಟ್ ನೋಡುವ ತಯಾರಿ ಬ್ಯಾಗ್ ತುಂಬುವಾಗಲೇ ಆಗಬೇಕು. ಆ ತಯಾರಿಯಲ್ಲಿ ವಿಪಿಎನ್‌ಗೆ, ಅಂದರೆ ನಾವು ಬೇರೆ ದೇಶದಲ್ಲಿ ಇದ್ದಂತೆ ತೋರಿಸುವ ಆ್ಯಪ್‌ಗೆ, ಮೊದಲ ಜಾಗ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲು ಕೇಳಬೇಕಾದ ಪ್ರಶ್ನೆ: ನೀವು ಹೋಗುತ್ತಿರುವ ದೇಶದಲ್ಲಿ ಪ್ರಸಾರದ ಹಕ್ಕು ಯಾರ ಕೈಯಲ್ಲಿದೆ?

ಯುಎಫ್‌ಸಿ ತನ್ನ ಲೈವ್ ಹಕ್ಕನ್ನು ದೇಶ ದೇಶಕ್ಕೆ ಬೇರೆಬೇರೆಯಾಗಿ ಮಾರುತ್ತದೆ. ನಮ್ಮಲ್ಲಿ ಸೋನಿ ವರ್ಷಗಟ್ಟಲೆ ತೋರಿಸುತ್ತಾ ಬಂದಿದೆ, ಆದರೆ ಆ ಹಕ್ಕು ಗಡಿ ದಾಟುವುದಿಲ್ಲ. ವಿಮಾನ ಇಳಿದ ಮೇಲೆ ನೀವು ಕಟ್ಟಿದ ಚಂದಾ ಹಾಗೇ ಇರುತ್ತದೆ, ಲೈವ್ ಮಾತ್ರ ತೆರೆಯುವುದಿಲ್ಲ. ಅಮೆರಿಕಕ್ಕೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ 2019ರಿಂದ ಇಎಸ್‌ಪಿಎನ್ ಪ್ಲಸ್‌ನಲ್ಲಿ ಬರುತ್ತಿತ್ತು. ದೊಡ್ಡ ಕಾರ್ಡ್‌ಗಳಿಗೆ (ಒಂದು ದಿನದ ಫೈಟ್‌ಗಳ ಪಟ್ಟಿಗೆ ಕಾರ್ಡ್ ಅನ್ನುತ್ತಾರೆ) ಚಂದಾ ಸಾಲದು, ಪ್ರತಿ ಸಲ 80 ಡಾಲರ್ ಹತ್ತಿರ ಬೇರೆ ಕೊಡಬೇಕಿತ್ತು. 2025ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ 7 ವರ್ಷಕ್ಕೆ 770 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. 2026ರಿಂದ ಅಮೆರಿಕದಲ್ಲಿ ಎಲ್ಲ ಕಾರ್ಡ್‌ಗಳೂ ಪ್ಯಾರಾಮೌಂಟ್ ಪ್ಲಸ್ ಚಂದಾದೊಳಗೇ ಬರುತ್ತವೆ, ಪ್ರತಿ ಸಲ ಬೇರೆ ದುಡ್ಡು ಕೊಡುವ ಪೇ-ಪರ್-ವ್ಯೂ ಅನ್ನುವುದು ಮುಗಿಯಿತು. ಎರಡು ವಾರಕ್ಕೆ ಹೋದವರಿಗೆ ಒಂದು ತಿಂಗಳ ಚಂದಾ ಸಾಕು. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ಯೋಜನೆ ಹಾಕಿದವರು ಇಲ್ಲದ ಪೇ-ಪರ್-ವ್ಯೂ ಟಿಕೆಟ್ ಹುಡುಕುತ್ತಾ ಕೂರುತ್ತಾರೆ.

ಯುಎಫ್‌ಸಿ ಫೈಟ್ ಪಾಸ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಕಂಪನಿಯದೇ ಆ್ಯಪ್ ಅಂದಮೇಲೆ ಎಲ್ಲ ಕಡೆ ಎಲ್ಲ ಬರುತ್ತದೆ ಅಂತ ತೊಗೊಳ್ಳುತ್ತಾರೆ. ಹಳೆಯ ಫೈಟ್‌ಗಳ ಭಂಡಾರಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಸಣ್ಣ ಸಂಸ್ಥೆಗಳ ಲೈವ್ ಕೂಡ ಸಿಗುತ್ತದೆ. ಆದರೆ ಲೈವ್ ಹಕ್ಕು ಬೇರೆಯವರಿಗೆ ಮಾರಿದ ದೇಶದಲ್ಲಿ ಯುಎಫ್‌ಸಿಯ ಲೈವ್ ಅದರಲ್ಲಿ ಬರುವುದಿಲ್ಲ. ದುಡ್ಡು ಕಟ್ಟುವ ಮುನ್ನ ಯುಎಫ್‌ಸಿ ವೆಬ್‌ಸೈಟಿನಲ್ಲಿ ಆ ದೇಶದ ಪ್ರಸಾರಕರು ಯಾರು ಅಂತ ನೋಡಿ, ನಂತರ ಆ ಪ್ರಸಾರಕರ ಸೈಟಿನಲ್ಲೇ ಅದೇ ಕಾರ್ಡ್‌ನ ಹೆಸರು ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಪ್ರಿಲಿಮ್ಸ್ (ಮೇನ್ ಕಾರ್ಡ್‌ಗೆ ಮೊದಲು ನಡೆಯುವ ಫೈಟ್‌ಗಳು) ಮತ್ತು ಮೇನ್ ಕಾರ್ಡ್ ಎರಡೂ ಒಂದೇ ಕಡೆ ಬರುತ್ತವೆಯೇ ಅನ್ನುವುದನ್ನೂ ನೋಡಿ. ನಮ್ಮವರ ಫೈಟ್ ಇರುವುದು ಸಾಮಾನ್ಯವಾಗಿ ಪ್ರಿಲಿಮ್ಸ್‌ನಲ್ಲಿ. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಪೂಜಾ ತೋಮರ್ ಸ್ಪ್ಲಿಟ್ ಡಿಸಿಷನ್‌ನಲ್ಲಿ (ಮೂವರು ತೀರ್ಪುಗಾರರಲ್ಲಿ ಇಬ್ಬರ ಮತದಿಂದ) ಗೆದ್ದು ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಮೇನ್ ಕಾರ್ಡ್‌ಗಷ್ಟೇ ಅಲಾರಾಂ ಇಟ್ಟವರಿಗೆ ಅದು ಲೈವ್ ಸಿಗಲಿಲ್ಲ.

ಈಗ ವಿಪಿಎನ್ ವಿಷಯಕ್ಕೆ ಬರೋಣ. ನೀವು ಎಲ್ಲಿದ್ದೀರಿ ಅನ್ನುವುದನ್ನು ಆ್ಯಪ್ ಒಂದೇ ದಾರಿಯಿಂದ ಪತ್ತೆ ಹಚ್ಚುವುದಿಲ್ಲ. ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡುತ್ತದೆ, ಖಾತೆಯ ಮತ್ತು ಬ್ಯಾಂಕ್ ಕಾರ್ಡಿನ ದೇಶ ನೋಡುತ್ತದೆ, ಕೆಲವು ಆ್ಯಪ್ ಮೊಬೈಲಿನ ಲೊಕೇಶನ್ನನ್ನೂ ಕೇಳುತ್ತವೆ. ವಿಪಿಎನ್ ಬದಲಿಸುವುದು ಮೊದಲನೆಯದನ್ನು ಮಾತ್ರ. ಅದೂ ಪೂರ್ತಿ ಅಲ್ಲ. ಸಾವಿರಾರು ಜನ ಒಂದೇ ಸರ್ವರ್ ಐಪಿಯಿಂದ ಬಂದರೆ ಸ್ಟ್ರೀಮಿಂಗ್ ಕಂಪನಿಗೆ ಅದು ಡೇಟಾ ಸೆಂಟರಿನ ವಿಳಾಸ ಅಂತ ಗೊತ್ತಾಗುತ್ತದೆ, ತಡೆ ಹಾಕುತ್ತದೆ. ದೊಡ್ಡ ಫೈಟ್ ರಾತ್ರಿಯಲ್ಲೇ ಎಲ್ಲರೂ ಮುಗಿಬೀಳುವುದರಿಂದ ಮಂಗಳವಾರ ನಡೆದ ಸರ್ವರ್ ಭಾನುವಾರ ನಡೆಯುವುದಿಲ್ಲ. ಭಾರತದ ಮಟ್ಟಿಗೆ ಇನ್ನೊಂದು ತೊಡಕು ಇದೆ. 2022ರ ಏಪ್ರಿಲ್‌ನಲ್ಲಿ ಸೈಬರ್ ಸುರಕ್ಷೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶ ಹೊರಡಿಸಿತು. ಎಕ್ಸ್‌ಪ್ರೆಸ್, ನಾರ್ಡ್, ಸರ್ಫ್‌ಶಾರ್ಕ್ ಮೊದಲಾದವು ಇಲ್ಲಿನ ಸರ್ವರ್ ಕಿತ್ತುಕೊಂಡು ಹೋದವು. ಆಮೇಲೆ ಇಂಥ ಕಂಪನಿಗಳ ಪಟ್ಟಿಯಲ್ಲಿ 'ಇಂಡಿಯಾ' ಅಂತ ಕಂಡರೂ ಆ ಯಂತ್ರ ಇರುವುದು ಸಿಂಗಾಪುರದಲ್ಲೋ ಬ್ರಿಟನ್ನಿನಲ್ಲೋ. ಜರ್ಮನಿಯಲ್ಲಿ ಕೂತವನ ಡೇಟಾ ಸಿಂಗಾಪುರ ಸುತ್ತಿಕೊಂಡು ಬಂದರೆ ಚಿತ್ರ ತಡವರಿಸದೆ ಇನ್ನೇನು?

ಗಲ್ಫ್‌ಗೆ ಹೋಗುವವರಿಗೆ ಇದು ಬರೀ ಬಫರಿಂಗ್ ಪ್ರಶ್ನೆಯಲ್ಲ. ಯುಎಇಯ 2021ರ 34ನೇ ಸೈಬರ್ ಅಪರಾಧ ಕಾನೂನಿನಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಜೈಲೂ ಆಗಬಹುದು. ವಿಪಿಎನ್ ಇಟ್ಟುಕೊಳ್ಳುವುದೇ ತಪ್ಪಲ್ಲ, ಅದನ್ನು ಯಾವುದಕ್ಕೆ ಬಳಸಿದಿರಿ ಅನ್ನುವುದರ ಮೇಲೆ ಹೋಗುತ್ತದೆ. ಒಂದು ಫೈಟ್‌ಗಾಗಿ ವೀಸಾ, ನೌಕರಿ ಎರಡನ್ನೂ ಪಣಕ್ಕೆ ಹಚ್ಚಬೇಡಿ. ಹೋಟೆಲ್ ವೈಫೈನಲ್ಲಿ ಬ್ಯಾಂಕ್ ಕೆಲಸ ಮಾಡುವಾಗ ಆಫೀಸಿನವರು ಕೊಟ್ಟ ವಿಪಿಎನ್ ಇರಲಿ. ಫೈಟ್‌ಗೆ ಆ ದೇಶದ ಚಂದಾನೇ ತೊಗೊಳ್ಳಿ.

ಆ ಚಂದಾ ತೊಗೊಳ್ಳುವಾಗ ಕೈಕೊಡುವುದು ಬ್ಯಾಂಕ್ ಕಾರ್ಡ್ ಮತ್ತು ಒಟಿಪಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ನಾವಾಗಿ ಆನ್ ಮಾಡುವ ತನಕ ಬಂದ್ ಇರುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಊರಲ್ಲೇ ಆನ್ ಮಾಡಿ, ಮಿತಿಯನ್ನು ಕಡಿಮೆ ಇಡಿ. ಒಟಿಪಿ ಬರಬೇಕಂದರೆ ಇಲ್ಲಿನ ಸಿಮ್ ಅಲ್ಲಿ ಜೀವಂತ ಇರಬೇಕು: ಹೊರಡುವ ಮುನ್ನ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಪ್ರಿಪೇಡ್ ಆದರೆ ವಾಪಸ್ ಬರುವ ದಿನದಾಚೆಗೂ ವ್ಯಾಲಿಡಿಟಿ ಇರುವ ರೀಚಾರ್ಜ್ ಮಾಡಿಸಿ. ಡೇಟಾ ರೋಮಿಂಗ್ ಮಾತ್ರ ಆಫ್. ಡೇಟಾಕ್ಕೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಹಾಕಿ.

ಆ್ಯಪ್ ಸ್ಟೋರ್ ಕೂಡ ಒಂದು ಗೋಡೆ. ನಿಮ್ಮ ಗೂಗಲ್ ಅಥವಾ ಆ್ಯಪಲ್ ಖಾತೆಯ ದೇಶ ಭಾರತ ಆಗಿದ್ದರೆ ಅಲ್ಲಿನ ಕೆಲವು ಆ್ಯಪ್‌ಗಳು ಹುಡುಕಿದರೂ ಕಾಣುವುದಿಲ್ಲ. ಪ್ಲೇ ಸ್ಟೋರಿನ ದೇಶವನ್ನು ವರ್ಷಕ್ಕೆ ಒಂದೇ ಸಲ ಬದಲಿಸಬಹುದು, ಹಾಗಾಗಿ ಎರಡು ವಾರದ ಪ್ರವಾಸಕ್ಕೆ ಅದಕ್ಕೆ ಕೈಹಾಕಲೇಬೇಡಿ. ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಪ್ರಸಾರಕರ ವೆಬ್‌ಸೈಟ್ ತೆರೆದರೆ ಈ ತಾಪತ್ರಯ ಇಲ್ಲ.

ಇಂಟರ್‌ನೆಟ್ ಲೆಕ್ಕ ಹೀಗೆ. ಒಳ್ಳೆಯ ಎಚ್‌ಡಿ ಲೈವ್‌ಗೆ ಸೆಕೆಂಡಿಗೆ ಸುಮಾರು 6 ಮೆಗಾಬಿಟ್ ಅಂತ ಹಿಡಿಯಿರಿ, ಗಂಟೆಗೆ 2.7 ಜಿಬಿ ಆಗುತ್ತದೆ. ಮೇನ್ ಕಾರ್ಡ್ ಮೂರು ಗಂಟೆ ಹಿಡಿದರೆ 8 ಜಿಬಿ ಹತ್ತಿರ. ಪ್ರಿಲಿಮ್ಸ್‌ನಿಂದ ಕೂತರೆ 16 ಜಿಬಿಗೆ ಕಡಿಮೆ ಇಲ್ಲ. 5 ಜಿಬಿಯ ಟೂರಿಸ್ಟ್ ಪ್ಯಾಕ್ ಮೇನ್ ಇವೆಂಟ್‌ವರೆಗೆ, ಅಂದರೆ ಕೊನೆಯ ಮುಖ್ಯ ಫೈಟ್‌ವರೆಗೆ, ಬರುವುದಿಲ್ಲ. 'ಅನ್‌ಲಿಮಿಟೆಡ್' ಅಂತ ಬರೆದ ಇ-ಸಿಮ್ ಪ್ಯಾಕ್‌ಗಳಲ್ಲಿ ದಿನದ ಮಿತಿ ದಾಟಿದ ಮೇಲೆ ವೇಗ ಇಳಿಸುವ ಷರತ್ತು ಇರುತ್ತದೆ, ಅದನ್ನು ಓದಿ.

ವೇಗ ಪರೀಕ್ಷೆ ಮಾಡುವುದಾದರೆ ಫೈಟ್‌ನ ಹಿಂದಿನ ದಿನ, ಫೈಟ್ ಇರುವ ಅದೇ ಹೊತ್ತಿನಲ್ಲಿ ಮಾಡಿ. ಅಮೆರಿಕದಲ್ಲಿ ಮೇನ್ ಕಾರ್ಡ್ ಬರುವುದು ಶನಿವಾರ ರಾತ್ರಿ, ಹೋಟೆಲಿನ ಎಲ್ಲ ರೂಮಿನವರೂ ಏನೋ ನೋಡುತ್ತಿರುವ ಹೊತ್ತು. ದುಬೈನಲ್ಲಿ ಅದು ಬೆಳಗಿನ ಜಾವ, ಎಲ್ಲರೂ ಮಲಗಿರುತ್ತಾರೆ, ಅದೇ ವೈಫೈ ಸರಾಗವಾಗಿ ಓಡುತ್ತದೆ. ಫಾಸ್ಟ್ ಡಾಟ್ ಕಾಮ್‌ನಲ್ಲಿ ನೋಡಿ. ಅದು ನೆಟ್‌ಫ್ಲಿಕ್ಸ್‌ನವರದು, ವಿಡಿಯೊ ಬರುವಂಥ ದಾರಿಯನ್ನೇ ಅಳೆಯುತ್ತದೆ. 10 ಮೆಗಾಬಿಟ್ ಸ್ಥಿರವಾಗಿ ಬಂದರೆ ಸಾಕು. ಒಮ್ಮೆ 60, ಮರುಕ್ಷಣ 3 ಅಂತ ಕುಣಿಯುವ ವೈಫೈಗಿಂತ ಸ್ಥಿರವಾದ 10 ಎಷ್ಟೋ ಮೇಲು.

ಹೋಟೆಲ್ ವೈಫೈನ ಲಾಗಿನ್ ಪುಟ ಅನೇಕ ಕಡೆ 24 ಗಂಟೆಗೆ ಒಮ್ಮೆ ಹೊರಗೆ ಹಾಕುತ್ತದೆ. ಶನಿವಾರ ರಾತ್ರಿ 11ಕ್ಕೆ ಚೆಕ್-ಇನ್ ಮಾಡಿದವರಿಗೆ ತೊಂದರೆ ಇಲ್ಲ. ಶುಕ್ರವಾರ ರಾತ್ರಿ 11ಕ್ಕೆ ಮಾಡಿದವರಿಗೆ ಮೇನ್ ಕಾರ್ಡ್ ನಡುವೆಯೇ ಚಿತ್ರ ನಿಲ್ಲುತ್ತದೆ. ಕಾರ್ಡ್ ಶುರುವಾಗುವ ಮುನ್ನ ನೀವೇ ಹೊರಬಂದು ಮತ್ತೆ ಲಾಗಿನ್ ಆಗಿ, ಸಾಮಾನ್ಯವಾಗಿ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಮೊಬೈಲಿನಿಂದ ಟಿವಿಗೆ ಕಾಸ್ಟ್ ಮಾಡುವುದು (ವೈಫೈ ಮೂಲಕ ಚಿತ್ರ ಕಳಿಸುವುದು) ಹೋಟೆಲಿನಲ್ಲಿ ಬಹುತೇಕ ಆಗುವುದಿಲ್ಲ, ಯಾಕೆಂದರೆ ಒಬ್ಬ ಅತಿಥಿಯ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಅವರು ಬೇಕಂತಲೇ ಬೇರ್ಪಡಿಸಿರುತ್ತಾರೆ.

ಅದಕ್ಕೆ ಕೇಬಲ್ ಬೇಕು. ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ ಹೊರಡುವ ಮುನ್ನವೇ ತೊಗೊಳ್ಳಿ: ಎರಡು ಮೀಟರಿನ ಎಚ್‌ಡಿಎಂಐ ಕೇಬಲ್ (ಗೋಡೆಗೆ ಹಚ್ಚಿದ ಟಿವಿಗೆ ಒಂದು ಮೀಟರ್ ಸಾಲುವುದಿಲ್ಲ), ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕಿಂಡಿ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್, ಮತ್ತು ಆ ದೇಶದ ಪ್ಲಗ್. ಬ್ರಿಟನ್, ಯುಎಇ, ಸಿಂಗಾಪುರಕ್ಕೆ ಮೂರು ಚಪ್ಪಟೆ ಕಡ್ಡಿಯದು, ಯುರೋಪಿಗೆ ಎರಡು ದುಂಡಗಿನದು, ಅಮೆರಿಕಕ್ಕೆ ಎರಡು ಚಪ್ಪಟೆಯದು. ಅಡಾಪ್ಟರನ್ನು ಅಂಗಡಿಯಲ್ಲೇ ಒಂದು ಟಿವಿಗೆ ಹಚ್ಚಿ, ಯೂಟ್ಯೂಬ್ ಅಲ್ಲ, ನಿಮ್ಮ ಚಂದಾ ಇರುವ ಯಾವುದಾದರೂ ಒಟಿಟಿ ಆ್ಯಪ್ ಓಡಿಸಿ ನೋಡಿ. ಅಗ್ಗದ ಅಡಾಪ್ಟರಿನಲ್ಲಿ ಡೆಸ್ಕ್‌ಟಾಪ್ ಕಾಣುತ್ತದೆ, ಆ್ಯಪ್ ತೆರೆದರೆ ಆವಾಜ್ ಬರುತ್ತದೆ, ಚಿತ್ರದ ಜಾಗ ಕಪ್ಪಗಿರುತ್ತದೆ. ಅದು ಕಾಪಿ ತಡೆಯುವ ಎಚ್‌ಡಿಸಿಪಿ ವ್ಯವಸ್ಥೆಯನ್ನು ದಾಟಲಾರದ ಲಕ್ಷಣ. ಮೊಬೈಲಿಗೆ ಹಚ್ಚುತ್ತೇನೆ ಅನ್ನುವವರು ಇನ್ನಷ್ಟು ಜಾಗ್ರತೆ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುವುದಿಲ್ಲ, ಮಧ್ಯಮ ಬೆಲೆಯ ಬಹಳಷ್ಟು ಫೋನುಗಳಲ್ಲಿ ಆ ಸೌಲಭ್ಯವೇ ಇಲ್ಲ.

ಕ್ವಾಲಿಟಿ ವಿಷಯದಲ್ಲಿ ನನ್ನ ಹಟ ಇದೆ. ಆಯ್ಕೆ ಇದ್ದರೆ 30 ಫ್ರೇಮಿನ 1080ಕ್ಕಿಂತ 60 ಫ್ರೇಮಿನ 720 ಇಡಿ. ಒಂದು ಹುಕ್ ತಾಗಿದ್ದು ದವಡೆಗೋ ಕೈಗವಸಿಗೋ ಅನ್ನುವುದು ತಿಳಿಯುವುದು ಚಿತ್ರದ ಗಾತ್ರದಿಂದಲ್ಲ, ಸೆಕೆಂಡಿಗೆ ಎಷ್ಟು ಫ್ರೇಮ್ ಬಂದವು ಅನ್ನುವುದರಿಂದ. 360ಕ್ಕೆ ಇಳಿದರೆ ನೆಲದ ಕುಸ್ತಿ ಪೂರ್ತಿ ಹಾಳು. ಗರಡಿಮನಿಯ ಪಟ್ಟು ಗೊತ್ತಿರುವ ನಮ್ಮ ಕಡೆಯ ಮಂದಿ ರಷ್ಯಾದ ಮಾಜಿ ಚಾಂಪಿಯನ್ ಖಬೀಬ್‌ನಂಥವರನ್ನು ಮೆಚ್ಚಿದ್ದು ಯಾಕೆ? ಪಂಜರಕ್ಕೆ ಒತ್ತಿ ಎದುರಾಳಿಯ ಎರಡೂ ಕಾಲನ್ನು ತನ್ನ ಕಾಲೊಳಗೆ ಕಟ್ಟಿ, ಮಣಿಕಟ್ಟು ಹಿಡಿದು ಕೂರಿಸುವ ಆ ಕೆಲಸಕ್ಕಾಗಿ. ಮಸುಕು ಚಿತ್ರದಲ್ಲಿ ಅದು ಇಬ್ಬರು ಸುಮ್ಮನೆ ಬಿದ್ದುಕೊಂಡಂತೆ ಕಾಣುತ್ತದೆ. ಪದೇಪದೇ ತಡವರಿಸುತ್ತಿದ್ದರೆ 'ಆಟೊ' ಬಿಟ್ಟು 720ಕ್ಕೆ ನೀವೇ ಕೂರಿಸಿ, ಹಿಂದೆ ಸರಿಸುವ ಅವಕಾಶವಿದ್ದರೆ ಲೈವ್‌ಗಿಂತ ಒಂದು ನಿಮಿಷ ಹಿಂದೆ ಓಡಿಸಿ. ಆ ಒಂದು ನಿಮಿಷದ ಚಿತ್ರ ಮುಂಗಡವಾಗಿ ಇಳಿದಿರುವುದರಿಂದ ವೈಫೈ ಕ್ಷಣಕಾಲ ಕೈಕೊಟ್ಟರೂ ಗೊತ್ತಾಗುವುದಿಲ್ಲ.

ಸಮಯದ ಗೊಂದಲ ಸಣ್ಣದಲ್ಲ. ಅಮೆರಿಕದ ಪೂರ್ವ ಭಾಗದ ಸಮಯ ಶನಿವಾರ ರಾತ್ರಿ 9ಕ್ಕೆ ಮೇನ್ ಕಾರ್ಡ್ ಅಂದರೆ, ಬೇಸಿಗೆಯಲ್ಲಿ ಹುಬ್ಬಳ್ಳಿಯಲ್ಲಿ ಭಾನುವಾರ ಬೆಳಗ್ಗೆ 6:30, ದುಬೈನಲ್ಲಿ 5, ಸಿಂಗಾಪುರದಲ್ಲಿ 9. ಚಳಿಗಾಲದಲ್ಲಿ ಈ ಮೂರಕ್ಕೂ ಒಂದು ಗಂಟೆ ಕೂಡಿಸಿ. ಲಂಡನ್‌ನಲ್ಲಿ 2, ಜರ್ಮನಿಯಲ್ಲಿ 3, ವರ್ಷವಿಡೀ ಹೆಚ್ಚುಕಡಿಮೆ ಅದೇ. 'ಹೆಚ್ಚುಕಡಿಮೆ' ಅಂದದ್ದಕ್ಕೆ ಕಾರಣ ಇದೆ: ಅಮೆರಿಕ ಗಡಿಯಾರ ಮುಂದೆ ಹಾಕುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ಕೊನೆಯ ಭಾನುವಾರ. ಹಿಂದೆ ಹಾಕುವುದು ಯುರೋಪ್ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಆ ನಡುವಿನ ವಾರಗಳಲ್ಲಿ ಯುರೋಪಿನಲ್ಲಿ ಇದ್ದವರಿಗೆ ಫೈಟ್ ಒಂದು ಗಂಟೆ ಮೊದಲೇ ಬರುತ್ತದೆ. ಲಾಸ್ ವೇಗಸ್‌ನಲ್ಲಿ ನಡೆದರೂ ಪೋಸ್ಟರಿನ ಮೇಲಿನ ಸಮಯ ಪೂರ್ವ ಭಾಗದ್ದೇ ಇರಬಹುದು, ಅಲ್ಲಿನ ಗಡಿಯಾರ ಮೂರು ಗಂಟೆ ಹಿಂದೆ. ಅಬುಧಾಬಿ ಕಾರ್ಡ್‌ಗಳ ಲೆಕ್ಕವೇ ಬೇರೆ, ನಮಗೆ ಸಂಜೆ-ರಾತ್ರಿಗೆ ಬರುತ್ತವೆ.

ಮೇನ್ ಇವೆಂಟ್ ಮಾತ್ರ ನೋಡುವವರು ಮೇನ್ ಕಾರ್ಡ್ ಶುರುವಾಗಿ ಎರಡು-ಎರಡೂವರೆ ಗಂಟೆಗೆ ಬರುತ್ತದೆ ಅಂತ ಹಿಡಿಯುತ್ತಾರೆ. ಮೂರು ರೌಂಡ್ ಪೂರ್ತಿ ನಡೆದರೆ 17 ನಿಮಿಷ, ಪ್ರವೇಶ, ತೀರ್ಪು ಸೇರಿ ಅರ್ಧ ಗಂಟೆ, ಅಂಥ ನಾಲ್ಕು. ಆದರೆ ಎರಡು-ಮೂರು ನಾಕ್‌ಔಟ್ ಬಿದ್ದರೆ ಲೆಕ್ಕ ಬೇಗ ಸರಿಯುತ್ತದೆ. ಒಂದೂವರೆ ಗಂಟೆಗೇ ಎದ್ದು ಕೂತಿರಿ.

ಫೈಟನ್ನು ಕದ್ದು ತೋರಿಸುವ ಟೆಲಿಗ್ರಾಂ ಲಿಂಕ್‌ಗಳ ಬಗ್ಗೆ ಒಂದೇ ಮಾತು. ಲೈವ್ ನಡೆಯುವಾಗಲೇ ಹಕ್ಕುದಾರರು ಅವನ್ನು ಕೆಡವುತ್ತಾರೆ, ಹೆಚ್ಚು ಜನ ಸೇರಿದ ಹೊತ್ತಿಗೇ ಲಿಂಕ್ ಸಾಯುತ್ತದೆ. 'ಈ ಎಪಿಕೆ (ಪ್ಲೇ ಸ್ಟೋರಿನ ಹೊರಗಿನಿಂದ ಹಾಕುವ ಆ್ಯಪ್ ಫೈಲು) ಹಾಕಿಕೊಳ್ಳಿ, ಫ್ರೀ ಬರುತ್ತದೆ' ಅಂದರೆ ಬೇಡವೇ ಬೇಡ. ಎಸ್‌ಎಂಎಸ್ ಓದುವ ಅನುಮತಿ ಕೇಳುವ ಇಂಥ ಆ್ಯಪ್‌ಗೆ ಒಟಿಪಿ ಸಿಕ್ಕಿತೆಂದರೆ ಪರದೇಶದಲ್ಲಿ ಕೈ ಖಾಲಿಯಾಗಿ ನಿಲ್ಲಬೇಕಾಗುತ್ತದೆ.

ಕೆಲಸದ ಪಾಳಿ ಇದ್ದು ಲೈವ್ ಆಗುವುದಿಲ್ಲ ಅನ್ನುವವರು ರೀಪ್ಲೇಗೆ ಕಾಯುವಾಗ ಯುಎಫ್‌ಸಿ, ಕ್ರೀಡಾ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಶನಿವಾರವೇ ಬಂದ್ ಮಾಡಿ, ವಾಟ್ಸ್ಆ್ಯಪ್ ಗ್ರೂಪ್ ಮ್ಯೂಟ್ ಮಾಡಿ. ಯೂಟ್ಯೂಬ್ ತೆರೆಯಬೇಡಿ, ಥಂಬ್‌ನೇಲ್‌ನಲ್ಲೇ ಬೆಲ್ಟ್ ಯಾರ ಹೆಗಲ ಮೇಲಿದೆ ಅಂತ ಕಾಣಿಸುತ್ತದೆ. ರೀಪ್ಲೇ ಸಿಕ್ಕಾಗ ಒಟ್ಟು ಅವಧಿಯನ್ನು ನೋಡದೆ ಕೆಳಗಿನ ಪಟ್ಟಿಯ ಮೇಲೊಂದು ಚೀಟಿ ಅಂಟಿಸಿ. ಐದು ರೌಂಡಿನ ಫೈಟ್‌ನಲ್ಲಿ ಎಂಟು ನಿಮಿಷ ಮಾತ್ರ ಉಳಿದಿದೆ ಅಂತ ಕಂಡರೆ ಫಲಿತಾಂಶ ಅರ್ಧ ಗೊತ್ತಾದಂತೆಯೇ.