ಹೊಳಪು ಜಾಸ್ತಿಯಾದ ಲ್ಯಾಬು

ನಮ್ಮ ಕಾಲೇಜಿಗೆ ತಪಾಸಣಾ ಸಮಿತಿ ಬರುತ್ತದಂತೆ. ಅದಕ್ಕೆ ಮೊನ್ನೆ ಲೇಸರ್ ಲ್ಯಾಬ್‌ಗೆ ಪೇಂಟ್ ಹೊಡೆಸಿದರು. ಎಂಥ ಪೇಂಟು ಅಂತೀರಾ, ಆಯಿಲ್ ಪೇಂಟು. ಗೋಡೆ ಫಳಫಳ ಅನ್ನುತ್ತಿದೆ. ಕೆಳಗೆ ಹೊಸ ಟೈಲ್ಸು, ಬಗ್ಗಿದರೆ ತಲೆ ಬಾಚಿಕೊಳ್ಳಬಹುದು. ಬಂದವರೆಲ್ಲ ಹೊಗಳಿ ಹೋಗುತ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿ.

ಅಲ್ಲಿ ಕೂತು ನಾನು ಮಾಡೋದು ಇಂಟರ್‌ಫೆರೋಮೀಟರ್ ಕೆಲಸ. ಬಿಎಸ್ಸಿಯಲ್ಲಿ ಈ ಉಪಕರಣ ಕಟ್ಟಿದ ಮೈಕೆಲ್ಸನ್ ಹೆಸರು ಉರು ಹೊಡೆದವರಿಗೆ ನೆನಪಿರಬಹುದು. ಒಂದು ಲೇಸರ್ ಕಿರಣವನ್ನು ಗಾಜಿನ ಪ್ಲೇಟು ಎರಡು ಮಾಡುತ್ತೆ. ಎರಡೂ ಬೇರೆ ಬೇರೆ ಕನ್ನಡಿಗೆ ಹೋಗಿ, ವಾಪಸ್ ಬಂದು ಸೇರುತ್ತವೆ. ಸೇರಿದ ಜಾಗದಲ್ಲಿ ಕಪ್ಪು ಕೆಂಪು ಪಟ್ಟೆ. ನಮ್ಮ ಹೀಲಿಯಂ ನಿಯಾನ್ ಲೇಸರ್‌ನ ತರಂಗಾಂತರ 632.8 ನ್ಯಾನೊಮೀಟರ್. ಕನ್ನಡಿ ಅದರ ಅರ್ಧದಷ್ಟು ಸರಿದರೂ ಸಾಕು, ಒಂದು ಪಟ್ಟೆ ಪೂರ್ತಿ ದಾಟಿಬಿಡುತ್ತೆ.

ನಮಗೆ ಬೇಕಾದ್ದು ಎರಡೇ ಕಿರಣ. ಆದರೆ ಬಿಟ್ಟಿ ಕಿರಣಗಳಿಗೆ ಬರವಿಲ್ಲ. ಕೋಟಿಂಗ್ ಇಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು 4 ಪರ್ಸೆಂಟ್ ಬೆಳಕನ್ನು ಹಿಂದಕ್ಕೆ ಕಳಿಸುತ್ತೆ. ಅದು ಎಲ್ಲೋ ಸ್ಕ್ರೂ ತಲೆಗೆ ಬಡಿದು, ಇನ್ನೆಲ್ಲೋ ಆಯಿಲ್ ಪೇಂಟಿಗೆ ತಾಗಿ, ಕೊನೆಗೆ ಡಿಟೆಕ್ಟರ್‌ಗೇ ಬಂದು ವಕ್ಕರಿಸುತ್ತೆ. ಚೂರು ತಾನೆ, ಹೋಗ್ಲಿ ಬಿಡು ಅನ್ನೋ ಹಾಗಿಲ್ಲ. ಸೇರುವಾಗ ಲೆಕ್ಕಕ್ಕೆ ಬರೋದು ಅಲೆಯ ಎತ್ತರ, ಅಂದರೆ ಬೆಳಕಿನ ಪಾಲಿನ ವರ್ಗಮೂಲ. ಹಾಗಾಗಿ ಹತ್ತು ಸಾವಿರದಲ್ಲಿ ಒಂದು ಪಾಲು ಬೆಳಕು ನುಸುಳಿದರೂ ರೀಡಿಂಗು 2 ಪರ್ಸೆಂಟ್ ಮೇಲೆ ಕೆಳಗೆ ಆಡುತ್ತೆ.

ಇದನ್ನು ಹುಡುಕೋದು ಹೆಂಚಿನ ಮನೆಯಲ್ಲಿ ಸೋರುವ ಜಾಗ ಹುಡುಕಿದ ಹಾಗೆ. ಹನಿ ಬೀಳೋದು ದೇವರ ಮನೆಯಲ್ಲಿ, ಹೆಂಚು ಒಡೆದಿರೋದು ಅಡುಗೆಮನೆ ಮೇಲೆ. ಸಕಲೇಶಪುರದ ನಮ್ಮ ಮನೆಯಲ್ಲಿ ಅಪ್ಪ ಮಾಡು ಹತ್ತಿ ಒಂದೊಂದೇ ಹೆಂಚು ತಟ್ಟುತ್ತಾ "ಇಲ್ಲೇನೋ?" ಅಂತ ಕೂಗುತ್ತಿದ್ದರು. ನಾನು ಕೆಳಗೆ ಪಾತ್ರೆ ಹಿಡಿದು "ಇನ್ನೂ ಆ ಕಡೆ" ಅನ್ನುತ್ತಿದ್ದೆ. ಲ್ಯಾಬ್‌ನಲ್ಲೂ ಅದೇ ವಿದ್ಯೆ. ದೀಪ ಆರಿಸಿ, ಮೇಜಿನ ಮೇಲಿರೋ ಒಂದೊಂದೇ ಸ್ಟ್ಯಾಂಡನ್ನು ಬೆರಳಲ್ಲಿ ಮೆಲ್ಲಗೆ ತಟ್ಟಬೇಕು. ಯಾವುದನ್ನು ತಟ್ಟಿದರೆ ಗ್ರಾಫು ಜಿಗಿಯುತ್ತೋ ಅದರ ಮೇಲೆ ಗುಮಾನಿ. ಊರಿನ ಮನೆಗೆ ಈಗ ಆರ್‌ಸಿಸಿ ಬಂದಿದೆ, ಸೋರಲ್ಲ. ಕೂಗಲು ಅಪ್ಪನೂ ಇಲ್ಲ.

ಕಿರಣ ಎಲ್ಲೆಲ್ಲಿ ಹೋಗುತ್ತೆ ಅಂತ ನೋಡಲು ಒಂದು ಬಿಳಿ ಕಾರ್ಡು ಅಡ್ಡ ಹಿಡಿಯಬೇಕು. ನಮ್ಮದು ಯಾರದ್ದೋ ಲಗ್ನಪತ್ರಿಕೆ. ಹಿಂಭಾಗ ಮಾತ್ರ ಉಪಯೋಗಕ್ಕೆ ಬರುತ್ತೆ. ಮುಂದೆ ಬಂಗಾರದ ಗಣಪತಿ ಇದ್ದಾನೆ, ಅವನೇ ಬೆಳಕನ್ನು ಸೂರಿಗೆ ಕಳಿಸಿಬಿಡುತ್ತಾನೆ.

ಈಗ ಕಾಫಿ ವಿಷಯಕ್ಕೆ ಬರೋಣ. ದಿನಾ ಹನ್ನೊಂದು ಗಂಟೆ ಹೊತ್ತಿಗೆ ಗ್ರಾಫು ಕುಣಿಯೋದು. ಬಿ.ಎಂ. ರಸ್ತೆಯ ಲಾರಿಗಳದ್ದೇ ಕಿತಾಪತಿ ಅಂತ ಎಲ್ಲರೂ ತೀರ್ಪು ಕೊಟ್ಟರು. ಸ್ವತಃ ಮೈಕೆಲ್ಸನ್ 1881ರಲ್ಲಿ ಬರ್ಲಿನ್ ಬೀದಿಯ ಅದುರು ತಾಳಲಾರದೆ ಪಾಟ್ಸ್‌ಡ್ಯಾಮ್‌ಗೆ ಗಂಟು ಮೂಟೆ ಕಟ್ಟಿದ್ದರು. ಅಲ್ಲೂ ನೂರು ಮೀಟರ್ ಆಚೆ ಯಾರೋ ಕಾಲು ಅಪ್ಪಳಿಸಿದರೆ ಪಟ್ಟೆ ಮಾಯ! ಸರಿ, ಲಾರಿಯೇ ಇರಬೇಕು ಅಂದುಕೊಂಡೆವು. ಅಷ್ಟರಲ್ಲಿ ಒಬ್ಬ ಹುಡುಗಿ ಮೇಲೆ ನೋಡಿ "ಸಾರ್, ಸೂರಿನಲ್ಲಿ ಏನೋ ನಡುಗ್ತಿದೆ" ಅಂದಳು. ಕೆಂಪು ಚುಕ್ಕೆ. ಒಂದೊಂದೇ ಕಿರಣಕ್ಕೆ ಅಡ್ಡ ಹಿಡಿದು ಹುಡುಕುತ್ತಾ ಹೋದೆವು. ಅರ್ಧಕ್ಕೆ ಬರುವಷ್ಟರಲ್ಲಿ ಚುಕ್ಕೆ ತಾನಾಗೇ ಮಂಗಮಾಯ. ನಮ್ಮ ಅಟೆಂಡರ್ ಅಣ್ಣ ಕತ್ತಲಲ್ಲೇ ಲೋಟ ಎತ್ತಿಕೊಂಡು ಹೋಗಿದ್ದರು.

ಕಿರಣವನ್ನು ಎರಡು ಮಾಡುವ ಗಾಜಿನ ಪ್ಲೇಟಿನ ಹಿಂಬದಿಯಿಂದ ತಪ್ಪಿಸಿಕೊಂಡ ಕಿರಣ ಮೇಜಿನ ಮೂಲೆ ಮೇಲೆ ಹಾಯುತ್ತಿತ್ತು. ಅಣ್ಣ ನಿಯತ್ತಾಗಿ ಅದೇ ಮೂಲೆಗೆ ಸ್ಟೀಲ್ ಲೋಟ ಇಡೋರು. ಲೋಟದ ಕಂಠ ಅರ್ಧ ಬೆಳಕನ್ನು ಮೇಲಕ್ಕೆಸೆದು, ಚೂರು ಪಾರನ್ನು ಬಂದ ದಾರಿಗೇ ವಾಪಸ್ ಅಟ್ಟುತ್ತಿತ್ತು.

"ಅಣ್ಣಾ, ಲೋಟ ಹೊಳೀತದೆ, ಅದೇ ತೊಂದರೆ" ಅಂದೆ.

"ಹೊಳೀದೆ ಇರ್ತದಾ ಸಾರ್? ನಾನೇ ಉಜ್ಜೋದು. ಮುಖ ನೋಡ್ಕಬೋದು" ಅಂದರು, ಖುಷಿಯಾಗಿ.

ಮಾರನೇ ದಿನ ಗಾಜಿನ ಲೋಟ ಬಂತು. ಅದಕ್ಕೆ ಒಳಗೊಂದು ಮುಖ, ಹೊರಗೊಂದು ಮುಖ. ಕಪ್ಪು ಬಣ್ಣದ್ದು ಇದ್ದರೆ ನೋಡಿ ಅಂದೆ. ಪಾಪ, ಮನೆಯಿಂದಲೇ ಕರ್ರಗಿನ ಪಿಂಗಾಣಿ ಮಗ್ ತಂದರು. ಬಣ್ಣ ಕಪ್ಪೇ, ಆದರೆ ಮೇಲಿನ ಗ್ಲೇಝು ಗಾಜೇ ತಾನೆ? ಚುಕ್ಕೆ ಮತ್ತೆ ಸೂರಿನಲ್ಲಿ ಹಾಜರ್. ಪಕ್ಕದ ಬೇಲೂರಲ್ಲಿ ದರ್ಪಣ ಸುಂದರಿಯನ್ನು ನಿಲ್ಲಿಸಿಕೊಂಡ ಜಿಲ್ಲೆ ನಮ್ಮದು, ಹೊಳೆಯೋದು ಬೇಡ ಅಂದರೆ ಯಾರು ಕೇಳುತ್ತಾರೆ! ಈಗ ಎಲ್ಲರೂ ವರಾಂಡದಲ್ಲಿ ನಿಂತು ಕಾಫಿ ಕುಡಿಯುತ್ತೇವೆ. ಅಣ್ಣನಿಗೆ ಬೇಜಾರು, ನಾನೇನೋ ಮಡಿ ಮಾಡ್ತಿದ್ದೀನಿ ಅಂತ.

ದೊಡ್ಡವರ ಪಾಡೂ ಇದೇ. ಕಪ್ಪುಕುಳಿಗಳು ಡಿಕ್ಕಿಯಾದಾಗ ಏಳುವ ಗುರುತ್ವ ಅಲೆಯನ್ನು 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಹಿಡಿದ ಅಮೆರಿಕದ ಲೈಗೋ ಕೂಡ ಇಂಟರ್‌ಫೆರೋಮೀಟರೇ. 4 ಕಿಲೋಮೀಟರ್ ಉದ್ದದ ಕೊಳವೆ, ಒಳಗೆ ಅಡ್ಡಾದಿಡ್ಡಿ ಬೆಳಕು ತಡೆಯೋಕೆ ಅಂತಲೇ ತಡಿಕೆಗಳು. ಅವರ ಲೇಸರ್ 1064 ನ್ಯಾನೊಮೀಟರಿನದು, ಕಣ್ಣಿಗೇ ಕಾಣಲ್ಲ. ಲೈಗೋದ ಹ್ಯಾನ್‌ಫರ್ಡ್ ಕೇಂದ್ರದಲ್ಲಿ ಒಮ್ಮೆ ದೊಡ್ಡ ಜಾತಿಯ ಕಾಗೆಗಳು ಪೈಪಿನ ಮೇಲಿನ ಐಸು ಕುಕ್ಕಿದ್ದೂ ಡೇಟಾದಲ್ಲಿ ಕಾಣಿಸಿಕೊಂಡಿತ್ತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ನಮ್ಮದೇ ಲೈಗೋ ಬರಲಿದೆ. ಅಲ್ಲಿನ ಕಾಗೆಗಳ ಮೇಲೆ ನನಗೆ ಈಗಲೇ ಅನುಮಾನ.

ತಪ್ಪಿಸಿಕೊಂಡ ಕಿರಣವನ್ನು ನುಂಗಿಹಾಕಲು ಒಂದು ಹಳೇ ಉಪಾಯ ಇದೆ. ಶೇವಿಂಗ್ ಬ್ಲೇಡುಗಳನ್ನು ಒತ್ತಾಗಿ ಜೋಡಿಸಿ, ಅಲಗನ್ನು ಬೆಳಕಿನ ಕಡೆ ತಿರುಗಿಸಿಟ್ಟರೆ ಆಯ್ತು. ಸಂದಿಗೆ ಹೊಕ್ಕ ಬೆಳಕು ಅಲ್ಲೇ ಬಡಿದಾಡಿ ಸಾಯುತ್ತೆ. ಒಂದೊಂದು ಬ್ಲೇಡೂ ಫಳಫಳ, ಆದರೆ ಜೋಡಿಸಿದ ಅಂಚು ಕಾಡಿಗೆ ಕಪ್ಪು! ಅಂಗಡಿಗೆ ಹೋಗಿ ಬ್ಲೇಡಿನ ಡಬ್ಬಿಗಳನ್ನೇ ಕೇಳಿದೆ. ಅಂಗಡಿಯವರು ನನ್ನ ಗಡ್ಡ ನೋಡಿ "ಅಂತೂ ಮನಸ್ಸು ಮಾಡಿದ್ರಲ್ಲ ಸಾರ್" ಅಂದರು.

ಬಿಲ್ಲನ್ನು ಆಫೀಸಿಗೆ ಕೊಟ್ಟೆ. "ಗಡ್ಡ ಹೆರೆಯೋದು ಸ್ವಂತ ಖರ್ಚು ಸಾರ್, ಲ್ಯಾಬ್ ಫಂಡಿಗೆ ಬರಲ್ಲ" ಅಂದರು. ಲ್ಯಾಬ್‌ಗೆ ಕರೆತಂದು ತೋರಿಸಿದೆ. ಬಗ್ಗಿ ನೋಡಿ, "ಕೆಲಸ ಮುಗಿದ ಮೇಲೆ ಇವೆಲ್ಲ ಹೊಸಾವೇ ಇರ್ತವಲ್ವಾ?" ಅಂತ ಕೇಳಿ ಹೋದರು. ಸಂಜೆ ಬಿಲ್ಲು ವಾಪಸ್ ಬಂತು, "ಸಮಜಾಯಿಷಿ ನೀಡುವುದು" ಅಂತ ಷರಾ. ಬೆಳಕು, ಅಲೆ, ಅಲಗು ಎಲ್ಲ ವಿವರಿಸಿ ಪುಟಗಟ್ಟಲೆ ಬರೆದುಕೊಟ್ಟಿದ್ದೇನೆ. ಈಗ ಬ್ಲೇಡಿಗೆ ಮೂರು ಕೊಟೇಶನ್ ತನ್ನಿ ಅನ್ನುತ್ತಿದ್ದಾರೆ.